ಸೊಸೆಗೆ ಹಿಡಿದ ಸೀಟು

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ನರೋಣಾದಲ್ಲಿ ಇನ್ನೂ ಹುಟ್ಟಿಲ್ಲ. ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಟವೆಲ್ಲಿನಲ್ಲಿ ನಾನು ಪದವೀಧರ!

ಹೀಗಾಗಿ ಸೊಸೆ ಶಾಂತಾಳ ಆಫೀಸು ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಬಂದಾಗ ಮನೆಯವರೆಲ್ಲ ಚಿಂತೆಗೆ ಬಿದ್ದರೆ, ನಾನೊಬ್ಬ ಒಳಗೊಳಗೇ ಕುಣಿದೆ. ಕೊರೋನಾ ಬಂದಾಗಿನಿಂದ ಅವಳು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಮೂರು ವರ್ಷದ ಮೊಮ್ಮಗಳು ಭಾಗಿ ಅವ್ವನ ಸೆರಗು ಬಿಡುತ್ತಿರಲಿಲ್ಲ. ನಾನು ಕರೆದರೆ ದೂರದ ಬೀಗರ ಹಾಗೆ ಎರಡು ನಿಮಿಷ ಕುಳಿತು ಎದ್ದು ಹೋಗುತ್ತಿದ್ದಳು. ಏನು ಕೂಸು ಅಂತೀರಿ! ನಕ್ಕರೆ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಆ ಗುಳಿ ನಮ್ಮ ಮನೆತನದ್ದು, ನೇರ ನನ್ನಿಂದಲೇ ಇಳಿದು ಬಂದದ್ದು ಎಂದು ಊರಿಗೆಲ್ಲ ಹೇಳಿದ್ದೇನೆ. ಇನ್ನು ಮುಂಜಾನೆಯಿಂದ ಸಂಜೆಯತನಕ ಆ ಗುಳಿ ನನ್ನದು! ಊರವರು ಕೊರೋನಾ ಹೋಗಲಿ ಎಂದು ಬೇಡಿಕೊಂಡರೆ, ನಾನು ಆಫೀಸು ತೆರೆಯಲಿ ಎಂದು ಬೇಡಿಕೊಂಡಿದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ಆದರೆ ಒಂದು ತೊಡಕಿತ್ತು. ಮೊದಲ ದಿನ ಹತ್ತು ಗಂಟೆಗೆ ಹಾಜರಾಗದವರು ಮತ್ತೆ ಬರುವುದೇ ಬೇಡ ಎಂದು ಆಳಂದದ ಆ ಆಫೀಸಿನ ಸಾಹೇಬರು ಫೋನಿನಲ್ಲಿ ಹೇಳಿದ್ದರು. ಮಗ ಏಳಕ್ಕೇ ಗಾಡಿ ತೆಗೆದುಕೊಂಡು ಕಲಬುರಗಿಗೆ ಹೋಗುವವನು. ಬಸ್ಸಿನಲ್ಲೋ ಒಂದು ಸೀಟು ಬಿಟ್ಟು ಒಂದು ಸೀಟಿನಲ್ಲಿ ಕೂರಬೇಕು, ನಿಂತು ಹೋಗುವಂತಿಲ್ಲ. ಸೀಟು ತಪ್ಪಿದರೆ ಕೆಲಸವೂ ತಪ್ಪಿತು.

"ಸೀಟಿಂದು ನನಗ ಬಿಡ್ರಿ!" ಎಂದು ಎದೆ ತಟ್ಟಿಕೊಂಡೆ.

"ನಿಮಗ ಬಿಟ್ಟದ್ದು ಯಾವುದು ನೆಟ್ಟಗಾಗ್ಯದರಿ?" ಎಂದಳು ನನ್ನಾಕೆ, ರೊಟ್ಟಿ ಬಡಿಯುತ್ತ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಮಾವ ಸೊಸೆಯ ಮುಖ ನೋಡಿ ಮಾತನಾಡುವ ರೂಢಿಯಿಲ್ಲ. ನಾನು ಕಂಬಕ್ಕೆ ಹೇಳುತ್ತೇನೆ; ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಉತ್ತರ ಕೊಡುತ್ತಾಳೆ. ಐದು ವರ್ಷ ಹೀಗೇ ಸುಖವಾಗಿ ನಡೆದಿತ್ತು.

ಸೋಮವಾರ ಮುಂಜಾನೆ ಬಸ್ ಸ್ಟ್ಯಾಂಡಿಗೆ ಹೋದೆವು. ಸೊಸೆ ಹಸಿರು ಸೀರೆ ಉಟ್ಟಿದ್ದಳು. ನನ್ನ ಕಂಕುಳಲ್ಲಿದ್ದ ಭಾಗಿ ಅವ್ವನ ಮಾಸ್ಕು ಎಳೆದಾಡಿ ಅದರ ದಾರ ಕಿತ್ತಳು. ಸೊಸೆ ಮೆಲ್ಲಗೆ ಲೈಟಿನ ಕಂಬಕ್ಕೆ ಏನೋ ಹೇಳಿದಳು. ನಾನು ಟವೆಲ್ ಮಡಚುವುದರಲ್ಲಿ ಮುಳುಗಿದ್ದೆ. ಕಂಬ ನನಗೆ ತಿಳಿಸಲಿಲ್ಲ.

ಬಸ್ಸು ಬಂತು. ಎಸೆದೆ! ಟವೆಲ್ ಹೋಗಿ, ಅದೇ ಸೀಟಿನಲ್ಲಿ ಕೂರಲು ಬಗ್ಗಿದ್ದ ದಪ್ಪ ಮನುಷ್ಯನೊಬ್ಬನ ಮುಖಕ್ಕೆ ಸುತ್ತಿಕೊಂಡಿತು.

"ಯಾರದು ಲೇ ಈ ಟವೆಲ್?"

ನಂದೇ ಎನ್ನಲು ಬಾಯಿ ತೆರೆದೆ. ಧೂಳು ಮೂಗಿಗೆ ಹೋಗಿ ಎರಡು ಸೀನು ಬಂದವು. ಅವನು ಟವೆಲ್ಲನ್ನು ಹಾವಿನಂತೆ ಅಲ್ಲೇ ಕೊಡವಿ ಹಾಕಿ ಹಿಂದಿನ ಸೀಟಿಗೆ ಓಡಿಹೋದ. ಸೀಟು ನಮ್ಮದು!

ಪಕ್ಕಕ್ಕೆ ಕಣ್ಣು ಹಾಯಿಸಿದೆ. ಹಸಿರು ಸೀರೆ, ತಲೆಯ ಮೇಲೆ ಸೆರಗು, ಮೂಗಿನ ಮೇಲೆ ಮಾಸ್ಕು.

"ಹತ್ತವ್ವ, ಜಲ್ದಿ ಹತ್ತು!" ಎಂದು ಬಸ್ಸಿನ ಚಕ್ರಕ್ಕೆ ಹೇಳಿದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದು ಮಾಸ್ಕಿನೊಳಗೇ ಏನೋ ಗೊಣಗಿದಳು. ಮಾವನೆಂದರೆ ಎಷ್ಟು ಮರ್ಯಾದೆ ನೋಡಿ!

"ನಾಚಬ್ಯಾಡ, ನಾ ಇದ್ದೇನಿ," ಎಂದು ನಾಲ್ಕು ಮಂದಿಯನ್ನು ಸರಿಸಿ ಹತ್ತಿಸಿಯೇ ಬಿಟ್ಟೆ. ನನ್ನ ಕೈಯಲ್ಲಿದ್ದ ಸೊಸೆಯ ಬುತ್ತಿ ಡಬ್ಬಿಯನ್ನೂ ಕಿಟಕಿಯಿಂದ ಒಳಗೆ ಕೊಟ್ಟೆ.

"ಅವ್ವ ಅಲ್ಲ! ಅದು ಅವ್ವ ಅಲ್ಲ!" ಎಂದು ಭಾಗಿ ಚೀರಿದಳು.

"ಅಳಬ್ಯಾಡ ನನ್ನ ಬಂಗಾರ, ಸಂಜೀಕ ಬರ್ತಾಳ."

ಕಂಡಕ್ಟರ್ ರೈಟ್ ಎಂದ. ಬಸ್ಸು ಹೋಯಿತು. ನಾನು ಕೈ ಬೀಸುತ್ತಿದ್ದಂತೆ ಹಿಂದಿನಿಂದ ದನಿ ಬಂತು.

"ಮಾವಾರ, ಬಸ್ ಎಲ್ಲದರಿ?"

ಔಷಧಿ ಅಂಗಡಿಯಿಂದ ಹೊಸ ಮಾಸ್ಕು ತಂದ ಸೊಸೆ ನಿಂತಿದ್ದಳು.

"ನೀ ಅದರಾಗ ಹೋದೆಲ್ಲವ್ವ!" ಎಂದೆ.

ಅವಳು ಪಾಪ, ತನ್ನನ್ನು ತಾನೇ ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡಳು.

ಆಗ ನೆನಪಾಯಿತು. ಲಾಕ್‌ಡೌನ್‌ನಲ್ಲಿ ಸೈಕಲ್ ಮೇಲೆ ಬಂದ ಸೀರೆಯವನ ಗಂಟಿನಲ್ಲಿ ಇದ್ದದ್ದು ಒಂದೇ ಬಣ್ಣ. ಅರ್ಧ ನರೋಣಾ ಹಸಿರಾಗಿತ್ತು!

ಟಂಟಂ ಓಡಿಸುವ ಮೈಬೂಬನ ಕೈಕಾಲು ಹಿಡಿದೆ. "ಕುಂದರ್ರಿ ಕಾಕಾ," ಎಂದು ಅವನು ನಮ್ಮನ್ನು ಹೇರಿಕೊಂಡು ಬಸ್ಸಿನ ಬೆನ್ನು ಹತ್ತಿದ. ಸೊಸೆ ಗಡಿಯಾರ ನೋಡುತ್ತಿದ್ದಳು. ನಾನು ರಸ್ತೆ ನೋಡುತ್ತಿದ್ದೆ. ಭಾಗಿಗೆ ಮಾತ್ರ ಜಾತ್ರೆ!

ಎರಡು ಹೊಲ ದಾಟುವುದರಲ್ಲಿ ಬಸ್ಸು ನಿಂತಿತ್ತು. ಒಳಗೆ ಜಗಳ.

"ಕಲಬುರಗಿಗಿ ಹೋಗಾಕಿ ಆಳಂದ ಬಸ್ ಯಾಕ ಹತ್ತಿದಿಬೇ?" ಎನ್ನುತ್ತಿದ್ದ ಕಂಡಕ್ಟರ್.

"ನಾ ಎಲ್ಲಿ ಹತ್ತೀನ್ರಿ? ಯಾರೋ ಮುದುಕಪ್ಪ ಹತ್ತವ್ವ ಅಂದ. ಹಿರೀಕರ ಮಾತಿಗಿ ಇಲ್ಲ ಅನ್ಲಾಕ ಬಾಯಿ ಬರಲಿಲ್ಲ. ಮ್ಯಾಲ ಬುತ್ತೀನೂ ಕೊಟ್ಟ!"

ಬಾಗಿಲಲ್ಲಿ ನನ್ನನ್ನು ಕಂಡು, "ಇವನೇ! ಇವನೇ ನೋಡ್ರಿ!" ಎಂದಳು. ದಪ್ಪ ಮನುಷ್ಯ ಹಿಂದಿನಿಂದ, "ಸೀನಿದಾವನೂ ಇವನೇ!" ಎಂದು ಸಾಕ್ಷಿ ಹೇಳಿದ. ಇಡೀ ಬಸ್ಸು ನನ್ನಿಂದ ದೂರ ಸರಿಯಿತು.

ಅವಳು ಇಳಿದಳು, ಸೊಸೆ ಹತ್ತಿದಳು, ಬಸ್ಸು ಹೊರಟಿತು. ಧೂಳು ಕೆಳಗಿಳಿದ ಮೇಲೆ ನೋಡಿದರೆ ಬುತ್ತಿ ಡಬ್ಬಿ ಆ ಹೆಣ್ಣುಮಗಳ ಕೈಯಲ್ಲೇ ಇತ್ತು. ಸೊಸೆಯ ಜೊತೆ ಆಫೀಸಿಗೆ ಹೋದದ್ದು ನನ್ನ ಟವೆಲ್ ಮಾತ್ರ!

ಸಂಜೆ ಸೊಸೆ ಬಂದಳು. ಹತ್ತಕ್ಕೆ ಐದು ನಿಮಿಷವಿರುವಾಗ ಮುಟ್ಟಿದ್ದಳಂತೆ. ಕೆಲಸ ಉಳಿದಿತ್ತು, ಊಟ ಗೆಳತಿಯರ ಡಬ್ಬಿಯಲ್ಲಿ ಆಗಿತ್ತು. ಟವೆಲ್ಲನ್ನು ನನ್ನ ಮುಂದಿಟ್ಟಳು. ಆಮೇಲೆ ಸೆರಗು ಹಿಂದೆ ಸರಿಸಿ, ಮಾಸ್ಕು ತೆಗೆದು, ಕಂಬವನ್ನು ಬಿಟ್ಟು ನೇರ ನನ್ನೆದುರೇ ನಿಂತಳು.

"ಮಾವಾರ, ಒಮ್ಮಿ ಛಲೋತ್ನಂಗ ನೋಡಿಟ್ಕೊಳ್ರಿ," ಎಂದು ನಕ್ಕಳು.

ನೋಡಿದೆ. ಬಲಗೆನ್ನೆಯಲ್ಲಿ ಗುಳಿ!

"ನಾಳಿಂದ ಕಿಟಕ್ಯಾಗ ಟವೆಲ್ ನೀವು ಒಗೀರಿ, ಸೊಸೀಗಿ ಗುರುತ ಭಾಗಿ ಹಿಡೀಲಿ," ಎಂದು ನನ್ನಾಕೆ ತೀರ್ಪು ಕೊಟ್ಟಳು.

ಯಾರೂ ಇಲ್ಲದಾಗ ಗೋಡೆಯ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದೆ. ಬಲಕ್ಕೆ ತಿರುಗಿದೆ, ಎಡಕ್ಕೆ ತಿರುಗಿದೆ. ಗುಳಿಯ ಸುಳಿವಿಲ್ಲ. ಸೊಸೆಯ ಮುಖ ಹೋಗಲಿ, ಅರವತ್ತೈದು ವರ್ಷದಲ್ಲಿ ನನ್ನ ಮುಖವನ್ನೇ ನಾನು ನೆಟ್ಟಗೆ ನೋಡಿರಲಿಲ್ಲ!