ಚೀಲದ ತೂಕ ಕಳೆದು

ಮೂವತ್ತು ವರ್ಷಗಳಿಂದ ನಾನು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕುಳಿತು ಜಲಾಶಯದ ನೀರಿನ ಮಟ್ಟ ಬರೆಯುತ್ತಿದ್ದೇನೆ. ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಇಲ್ಲಿಯವರೆಗೆ ಒಂದು ಅಂಕಿಯೂ ತಪ್ಪಿಲ್ಲ. ಹೀಗಾಗಿ ಅಳತೆ, ತೂಕದ ವಿಷಯದಲ್ಲಿ ನನ್ನನ್ನು ಮೀರಿಸುವವರು ಕೊಪ್ಪಳ ಜಿಲ್ಲೆಯಲ್ಲಿ ಇಲ್ಲ ಎಂಬ ನಂಬಿಕೆ ನನಗಿತ್ತು. ನನ್ನ ಹೆಂಡತಿ ಗಿರಿಜಾಗೆ ಇರಲಿಲ್ಲ.

ನನ್ನ ಅಕ್ಕ ನೀಲಮ್ಮ ಹನುಮಸಾಗರದಲ್ಲಿ ಇದ್ದಾಳೆ. ಅವಳ ಮಗ ಶರಣಪ್ಪ ಈಜಲಿಕ್ಕೂ ಬಾವಿ ಹುಡುಕಬೇಕಾದ ಊರಲ್ಲಿ ಬೆಳೆದು, ಸೈನ್ಯ ಸೇರಿ, ಅಲ್ಲಿ ದೋಣಿಯ ಹುಟ್ಟು ಹಾಕಲು ಕಲಿತು, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾದ. ಪುರುಷರ ಲೈಟ್‌ವೇಟ್ ಸಿಂಗಲ್ ಸ್ಕಲ್ಸ್. ಅಂದರೆ ಕಬ್ಬಿನ ಜಲ್ಲೆಯಂಥ ಸಪೂರ ದೋಣಿ, ಎರಡು ಹುಟ್ಟು, ಒಬ್ಬನೇ ಮನುಷ್ಯ, ಎರಡು ಕಿಲೋಮೀಟರ್ ನೀರು. ಷರತ್ತು ಒಂದೇ. ಆ ಮನುಷ್ಯ ಎಪ್ಪತ್ತೆರಡೂವರೆ ಕೆಜಿ ಮೀರಬಾರದು. ನೂರು ಗ್ರಾಂ ಹೆಚ್ಚಾದರೂ ದಂಡೆಯ ಮೇಲೆ ನಿಂತು ಉಳಿದವರನ್ನು ನೋಡಬೇಕು.

ವಿದೇಶಕ್ಕೆ ಹೊರಡುವ ಮುನ್ನ ಅವನಿಗೆ ನಾಲ್ಕು ದಿನ ರಜೆ ಸಿಕ್ಕಿತು. ನನಗೆ ಫೋನ್ ಮಾಡಿದ.

“ಮಾಮಾ, ಅವ್ವನ್ನ ನೋಡಿ ಹೋಗಬೇಕಂತ ಮಾಡೀನಿ. ಆದ್ರ ಊರಾಗ ಯಾರೂ ಉಣ್ಣಸದ ಬಿಡಂಗಿಲ್ಲ. ಐದನೇ ದಿನ ಕ್ಯಾಂಪಿನ್ಯಾಗ ತೂಕ ನೋಡ್ತಾರ. ಹೆಚ್ಚಾತಂದ್ರ ನನ್ನ ಬದಲಿ ಇನ್ನೊಬ್ಬವ ವಿಮಾನ ಹತ್ತತಾನ. ನೀವು ಬಂದು ಕಾವಲಿರ್ರಿ.”

ನಾನು ಆ ಕ್ಷಣವೇ ರಜೆ ಅರ್ಜಿ ಬರೆದೆ. ‘ಸೋದರಳಿಯನ ದೇಹತೂಕ ನಿರ್ವಹಣೆಯ ನಿಮಿತ್ತ.’ ಸಾಹೇಬರು ಎರಡು ಸಲ ಓದಿ, ಅದನ್ನು ‘ಮನೆಗೆಲಸ’ ಎಂದು ತಿದ್ದಿ ಸಹಿ ಹಾಕಿದರು.

“ನಿಮ್ಮನ್ನ ಊಟಕ್ಕ ಕಾವಲಿಡೂದಂದ್ರ ಬೆಕ್ಕಿನ್ನ ಹಾಲಿಗೆ ಕಾವಲಿಟ್ಟಂಗ,” ಎಂದು ಗಿರಿಜಾ ತಾನೂ ಹೊರಟಳು.

ಹನುಮಸಾಗರ ಮುಟ್ಟಿದ ಕೂಡಲೇ ನೂರು ಪುಟದ ಒಂದು ರಿಜಿಸ್ಟರ್ ತೆರೆದೆ. ಅಳಿಯನೇ ಜಲಾಶಯ. ಉಂಡದ್ದು ಒಳಹರಿವು, ಓಡಿ ಬೆವರಿದ್ದು ಹೊರಹರಿವು. ಇನ್ನು ಮಟ್ಟ ನೋಡಲು ತೂಕದ ಒಂದು ಕಾಟಾ ಬೇಕು. ಔಷಧಿ ಅಂಗಡಿಯ ಮುಂದೊಂದು ಇತ್ತು. ಅದರ ಮೇಲೆ ಸಣ್ಣ ಮಕ್ಕಳು ಕುಣಿಯುವುದನ್ನು ಕಂಡು ನನಗೆ ವಿಶ್ವಾಸ ಹೋಯಿತು. ಕ್ವಿಂಟಲ್‌ಗಟ್ಟಲೆ ಕಡಲೆ, ಸಜ್ಜೆ ತೂಗುವ ಅಡತಿ ಅಂಗಡಿಯ ಕಾಟಾ ಇರುವಾಗ ಆಟಿಕೆ ಸಾಮಾನು ಯಾಕೆ?

ಬೆಳಿಗ್ಗೆ ಚೀಲ ಹೊರುವ ಹಮಾಲರು ಬರುವ ಮುಂಚೆಯೇ ಅಲ್ಲಿಗೆ ಹೋದೆವು. ಖಾಲಿ ಕಾಟಾದ ಮೇಲೆ ಕೆಂಪು ಅಂಕಿಯಲ್ಲಿ ಒಂದು ಎಂದು ಕಾಣುತ್ತಿತ್ತು. ಅದರ ಎಡಕ್ಕೆ ಒಂದು ಸಣ್ಣ ಅಡ್ಡ ಗೀಟು. ಧೂಳು ಕೂತಿರಬೇಕೆಂದು ಕರವಸ್ತ್ರದಿಂದ ಒರೆಸಿದೆ. ಗೀಟು ಹೋಗಲಿಲ್ಲ. ಹಳೆಯ ಕಲೆ ಇರಬೇಕೆಂದು ಬಿಟ್ಟೆ. ಶರಣಪ್ಪ ಹತ್ತಿ ನಿಂತ. ಎಪ್ಪತ್ತೆರಡು ಕೆಜಿ ನೂರು ಗ್ರಾಂ!

“ಕ್ಯಾಂಪಿನ್ಯಾಗ ಎಪ್ಪತ್ಮೂರರ ಹತ್ರ ತೋರಸ್ತಿತ್ತಲ್ಲ ಮಾಮಾ?”

“ಕ್ಯಾಂಪಿನ ಕಾಟಾ ತಪ್ಪಿರಬೇಕು. ಕಾಳು ತೂಗೂ ಕಾಟಾ ಸುಳ್ಳು ಹೇಳಂಗಿಲ್ಲ.”

ಜಲಾಶಯದಲ್ಲಿ ಇನ್ನೂ ನಾನೂರು ಗ್ರಾಂ ಜಾಗವಿದೆ ಎಂದು ತಿಳಿದ ಮೇಲೆ ನನ್ನ ಮನಸ್ಸು ಮೆತ್ತಗಾಯಿತು. ಅಕ್ಕ ಬೆಳಿಗ್ಗೆಯಿಂದ ಕಡಲೆಬೇಳೆ ಕುದಿಸಿಟ್ಟು, ಮಗನ ಮುಖವನ್ನೂ ನನ್ನ ರಿಜಿಸ್ಟರನ್ನೂ ನೋಡುತ್ತ ಸುಮ್ಮನೆ ಕುಳಿತಿದ್ದಳು. ಎರಡು ವರ್ಷದ ಮೇಲೆ ಮಗ ಮನೆಗೆ ಬಂದಿದ್ದ. ಒಂದು ಹೋಳಿಗೆಯನ್ನು ಮಂಜೂರು ಮಾಡಿದೆ. ಮರುದಿನ ಇನ್ನೊಂದನ್ನು, ತುಪ್ಪ ಸಹಿತ.

ಓಣಿಯ ಊಟಗಳದ್ದು ಬೇರೆಯೇ ಕಷ್ಟ. ಕರೆದವರ ಮನೆಗೆ ಹೋಗದಿದ್ದರೆ ಸೊಕ್ಕು, ಹೋಗಿ ಉಣ್ಣದಿದ್ದರೆ ಅವಮಾನ. ಎರಡನೆಯ ಸಲ ನೀಡಲು ಬಂದಾಗ ತಾಟಿಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ನೀಡುವ ಜನ ನಮ್ಮವರು. ಇದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಅವನ ತಾಟಿಗೆ ಸೌಟು ಬಾಗಿದ ತಕ್ಷಣ ನನ್ನ ತಾಟನ್ನು ನಡುವೆ ಚಾಚುವುದು.

“ನನಗ ನೀಡ್ರಿ. ಅವನ ಪಾಲಿಂದು ನಾನ ಉಣ್ತೀನಿ. ದೇಶದ ಸಲುವಾಗಿ.”

ಮೂರು ದಿನ, ಏಳು ಮನೆ. ಮಾದಲಿ, ಎಣಗಾಯಿ, ಶೇಂಗಾ ಹೋಳಿಗೆ, ಹೆಂಡತಿಯ ದುರುಗುಟ್ಟುವ ನೋಟ, ಎಲ್ಲವನ್ನೂ ಒಬ್ಬನೇ ಅರಗಿಸಿಕೊಂಡೆ. ಮೂರನೆಯ ದಿನ ಅವನ ಮಟ್ಟ ಎಪ್ಪತ್ತೆರಡು ನಾನೂರು. ಗಡಿಯ ಒಳಗೇ! ರಿಜಿಸ್ಟರಿನಲ್ಲಿ ಬರೆದು, ಕೆಳಗೆ ಸಹಿ ಮಾಡಿ, ತಾರೀಖು ಹಾಕಿದೆ.

ನಾಲ್ಕನೆಯ ದಿನ ಸಂಜೆ ಕೊಪ್ಪಳದಿಂದ ಅವನ ರೈಲು. ಬೆಳಿಗ್ಗೆ ಕೊನೆಯ ಸಲ ತೂಗಲು ಹೋದಾಗ ಸ್ವಲ್ಪ ತಡವಾಗಿತ್ತು. ಹಮಾಲ ಹುಸೇನಸಾಬ ಬಂದು ಬೀಡಿ ಹಚ್ಚುತ್ತ ನಮ್ಮನ್ನೇ ನೋಡಿದ.

“ಸಾಹೇಬ್ರ, ಇವರನ್ನ ಚೀಲದಾಗ ಹಾಕಿ ತೂಗಾಕತ್ತೀರೇನ್ರಿ?”

“ಇಲ್ಲಪಾ. ಯಾಕ?”

“ಮತ್ತ ಚೀಲದ್ದು ಒಂದು ಕೆಜಿ ಯಾಕ ಕಳೀತೀರಿ? ಗೀಟು ಕಾಣವಲ್ದೇನ್ರಿ? ಖಾಲಿ ಚೀಲದ ತೂಕ ತಾನ ಕಳೀಲಿ ಅಂತ ಇಟ್ಟಿದ್ದೈತಿ ಅದು.”

ನಾಲ್ಕು ದಿನ ನಾನು ಕರವಸ್ತ್ರದಿಂದ ಒರೆಸಿದ್ದು ಕಳೆಯುವ ಚಿಹ್ನೆಯನ್ನು. ಅಳಿಯ ಎಪ್ಪತ್ಮೂರು ಕೆಜಿ ನಾನೂರು ಗ್ರಾಂ ಇದ್ದ. ಒಂಬೈನೂರು ಗ್ರಾಂ ಹೆಚ್ಚು, ಕೈಯಲ್ಲಿ ಒಂದೇ ದಿನ. ಅದರಲ್ಲಿ ನಾನು ಮಂಜೂರು ಮಾಡಿದ ಹೋಳಿಗೆಗಳೂ ಇದ್ದವು. ಅಲ್ಲಿದ್ದ ಕಡಲೆ ಚೀಲದ ಮೇಲೆ ಕುಳಿತುಬಿಟ್ಟೆ.

ಶರಣಪ್ಪ ಬೈದಿದ್ದರೆ ಚಲೋ ಇತ್ತು. ಅವನು ಬೈಯಲಿಲ್ಲ.

“ಇರ್ಲಿ ಬಿಡ್ರಿ ಮಾಮಾ. ಮನ್ಯಾಗ ಎರಡು ಸ್ವೆಟರ್ ಇದ್ರ ಕೊಡ್ರಿ,” ಎಂದ.

ಹನುಮಸಾಗರದ ಏಪ್ರಿಲ್ ಬಿಸಿಲಲ್ಲಿ ಎರಡು ಸ್ವೆಟರ್, ಮೇಲೊಂದು ಕಂಬಳಿ ಹೊದ್ದು ಅವನು ಕುಷ್ಟಗಿ ರಸ್ತೆ ಹಿಡಿದು ಓಡಿದ. ಚಹಾದಂಗಡಿಯವರು ಚಳಿಜ್ವರವೆಂದರು. ನಾನು ಪ್ರಾಯಶ್ಚಿತ್ತಕ್ಕೆಂದು ಅವನ ಹಿಂದೆ ಓಡಿದೆ. ಎರಡನೆಯ ಕರೆಂಟ್ ಕಂಬದ ಹತ್ತಿರ ಚಪ್ಪಲಿ ಹರಿದು, ಪಂಚೆ ಕಾಲಿಗೆ ಸಿಕ್ಕಿ, ಜಾಲಿ ಗಿಡದಲ್ಲಿ ಬಿದ್ದೆ. ಅವನೇ ತಿರುಗಿ ಬಂದು ನನ್ನನ್ನು ಎಬ್ಬಿಸಿ, ಮುಳ್ಳು ಕಿತ್ತು, ಮನೆ ಮುಟ್ಟಿಸಿ ಮತ್ತೆ ಓಡಿದ. ಅಷ್ಟು ಹೊತ್ತು ಅವನಿಗೆ ನನ್ನಿಂದ ದಂಡವಾಯಿತು.

ಅಕ್ಕ ಹೊಸ್ತಿಲಲ್ಲಿ ಕುಳಿತಿದ್ದಳು. ನಾನು ತಲೆ ತಗ್ಗಿಸಿ ಕುಂಟುತ್ತ ಒಳಗೆ ಹೋದರೆ ಗಿರಿಜಾ ಮೆಲ್ಲಗೆ ಕೇಳಿದಳು.

“ಮಗ ಉಣ್ಣಂಗಿಲ್ಲಂತ ಅಕ್ಕಾರು ನಾಕು ದಿನದಿಂದ ಒಂದ ಹೊತ್ತು ಉಂಡಾರ, ಅದೂ ಬರೇ ಮಜ್ಜಿಗಿ ಅನ್ನ. ನಿಮ್ಮ ರಿಜಿಸ್ಟರಿನ್ಯಾಗ ಅದು ಬಂದೈತೇನ್ರಿ?”

ಬಂದಿರಲಿಲ್ಲ. ನನ್ನ ತಾಟಿನ ಹೊರತು ಬೇರೆಯವರ ತಾಟನ್ನು ನಾನು ನೋಡಿಯೇ ಇರಲಿಲ್ಲ. ಬಿದ್ದ ನೋವಿಗಿಂತ ಅದೇ ಹೆಚ್ಚು ಚುಚ್ಚಿತು.

ಮರುದಿನ ಮಧ್ಯಾಹ್ನ ಶರಣಪ್ಪನ ಫೋನ್ ಬಂತು. “ಎಪ್ಪತ್ತೆರಡು ನಾನೂರು. ಖರೇನ ನಾನೂರು, ಮಾಮಾ,” ಎಂದ. ರಾತ್ರಿಯಿಡೀ ರೈಲಿನಲ್ಲಿ ಒಂದು ಗುಟುಕು ನೀರು ಸಹ ಕುಡಿದಿರಲಿಲ್ಲವಂತೆ.

ಸ್ಪರ್ಧೆಯ ದಿನ ನಾನೂ ಗಿರಿಜಾಳೂ ಮತ್ತೆ ಹನುಮಸಾಗರಕ್ಕೆ ಬಂದೆವು. ಅಡತಿ ಅಂಗಡಿಯಲ್ಲಿ ದೊಡ್ಡ ಟಿವಿ ಇತ್ತು, ಚೀಲಗಳ ಮೇಲೆ ಊರೇ ಕುಳಿತಿತ್ತು. ನೀರಾವರಿ ಕಚೇರಿಯವನೆಂದು ಸ್ಪರ್ಧೆಯನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ತೆರೆಯ ಮೇಲೆ ಶರಣಪ್ಪ ಕಂಡ. ನಾನು ಚೀಲದಿಂದ ಎದ್ದು ನಿಂತೆ.

“ಅಯ್ಯ, ಗಡಿಬಿಡಿಯೊಳಗ ಹಿಂದ ಮುಂದ ಆಗಿ ಕುಂತಾನ! ಹೋಗೂ ದಿಕ್ಕಿಗೆ ಬೆನ್ನು ಮಾಡ್ಯಾನ!”

“ಆರೂ ಮಂದಿ ಹಂಗ ಕುಂತಾರ. ಸುಮ್ಮ ಕುಂದರ್ರಿ,” ಎಂದಳು ಗಿರಿಜಾ.

ಸುಮ್ಮನೆ ಕುಳಿತೆ. ಅರ್ಧ ದಾರಿಯವರೆಗೆ ಅವನು ಕಡೆಯವನು. ಆಮೇಲೆ ಒಬ್ಬನನ್ನು ಹಿಂದೆ ಹಾಕಿದ, ಕೊನೆಯಲ್ಲಿ ಇನ್ನೊಬ್ಬನನ್ನು. ಆರು ಜನರಲ್ಲಿ ನಾಲ್ಕನೆಯವನಾಗಿ ಮುಟ್ಟಿ, ಹುಟ್ಟುಗಳ ಮೇಲೆ ಬಾಗಿ ಬಿದ್ದ. ಪದಕವಿಲ್ಲ. ಆದರೂ ಹಮಾಲರು ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕನಿಗೆ ನಾಲ್ಕು, ಒಂದು ಯಾವುದೂ ಬೇಕಿರಲಿಲ್ಲ. ಫೋನ್ ಬಂದಾಗ ಕೇಳಿದ್ದು ಒಂದೇ ಮಾತು.

“ತೂಗೂದು ಮುಗೀತೇನಪಾ? ಇನ್ನ ಉಣ್ಣಬೌದೇನು?”

“ಉಣ್ಣಾಕತ್ತೀನಿ ಬೇ ಅವ್ವಾ. ಎರಡನೇ ಸಲ ನೀಡಿಸಿಕೊಂಡೀನಿ. ನೀ ಉಣ್ಣು.”

ಅಕ್ಕ ಅಲ್ಲೇ ಗಿರಿಜಾ ತಂದಿದ್ದ ಬುತ್ತಿ ಬಿಚ್ಚಿ, ಎರಡು ರೊಟ್ಟಿ ಉಂಡಳು. ನನಗೂ ಒಂದು ಕೊಡಲು ಬಂದಳು. ಜೀವನದಲ್ಲಿ ಮೊದಲ ಸಲ ಬೇಡವೆಂದೆ.

ಜನ ಚದುರಿದ ಮೇಲೆ ಯಾಕೋ, ಈ ಸಲ ಸೊನ್ನೆ ತೋರಿಸುತ್ತಿದ್ದ ಕಾಟಾ ಹತ್ತಿ ನಿಂತೆ. ಹುಸೇನಸಾಬ ಅಂಕಿ ನೋಡಿದ, ನನ್ನ ಹೊಟ್ಟೆ ನೋಡಿದ. ಪಾಪ, ಒಳ್ಳೆಯ ಮನುಷ್ಯ.

“ಚೀಲದ್ದು ಕಳೀಲೇನ್ರಿ ಸಾಹೇಬ್ರ?”

“ಕಳಿಯಪಾ,” ಎಂದೆ.

ಕಳೆದ. ಆದರೂ ತೊಂಬತ್ತರ ಕೆಳಗೆ ಇಳಿಯಲಿಲ್ಲ.

“ಎಷ್ಟ್ ಚೀಲದ್ದು ಕಳೀಲಿ?” ಎಂದು ಕೇಳಿದ.