ಮೈಮೇಲೆ ಬರೆದ ಪಾಠ

ದೇವರು ಜ್ಞಾಪಕಶಕ್ತಿಯನ್ನು ಕೆಲವರಿಗೆ ಬೊಗಸೆಯಲ್ಲಿ ಕೊಟ್ಟ, ಕೆಲವರಿಗೆ ಚಮಚದಲ್ಲಿ. ನಮ್ಮ ಟೈಪಿಸ್ಟನ ಪಾಲಿಗೆ ಬಂದ ಚಮಚ ತೂತಾಗಿತ್ತು.

ಆಸ್ಪತ್ರೆಯಲ್ಲಿ ವರದಿಗಳನ್ನು ಟೈಪು ಮಾಡುವ ಹಂಗಾಮಿ ಕೆಲಸ ಅವನದು. ಕಾಯಂ ಆಗಬೇಕಾದರೆ ವೈದ್ಯಕೀಯ ಪದಗಳ ಪರೀಕ್ಷೆ ದಾಟಬೇಕು. ಆ ಪದಗಳೋ ರೈಲಿನ ಡಬ್ಬಿಗಳಂತೆ: ಮುಂದೆ ಅಂಗದ ತುಂಡು, ಹಿಂದೆ ಕಾಯಿಲೆಯ ತುಂಡು. ‘ಗ್ಯಾಸ್ಟ್ರೋ’ ಎಂದರೆ ಹೊಟ್ಟೆ, ‘ಆಸ್ಟಿಯೋ’ ಎಂದರೆ ಮೂಳೆ, ‘ಕಾರ್ಸಿನೋ’ ಎಂದರೆ ಕ್ಯಾನ್ಸರ್, ಬಾಲಕ್ಕೆ ‘ಓಮಾ’ ಬಂದರೆ ಗಡ್ಡೆ. ಸಂಜೆ ಜೋಡಿಸಿದ ರೈಲು ಬೆಳಗಾಗುವುದರೊಳಗೆ ಹಳಿ ತಪ್ಪಿರುತ್ತಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು, ಯಾವ ಅಂಗ ಎಲ್ಲಿದೆಯೋ ಅಲ್ಲೇ ಗೆರೆ ಎಳೆದು, ಬಾಣ ಹಾಕಿ, ಪಾಠವನ್ನೆಲ್ಲ ಮೈಮೇಲೆ ಬರೆದುಕೊಂಡ. ಎರಡು ಸಲ ಓದಿ, ಸ್ನಾನ ಮಾಡಿ ಹೊರಡುವುದೆಂದು ಲೆಕ್ಕ. ಅಳಿಸದೆ ಹೋಗುವ ಹಾಗಿರಲಿಲ್ಲ. ಹಿಂದಿನ ಸಲ ಅಂಗೈಯಲ್ಲಿ ಬರೆದುಕೊಂಡು ಬಂದ ಇನ್ನೊಬ್ಬನನ್ನು ಆಸ್ಪತ್ರೆಯ ಮ್ಯಾನೇಜರು ಅಲ್ಲಿಂದಲೇ ಮನೆಗೆ ಕಳಿಸಿದ್ದರು.

ಬಕೆಟ್ಟು ಹಿಡಿದು ಹಿತ್ತಲಿಗೆ ಬಂದವನನ್ನು ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಗೋಡೆಯಾಚೆಯಿಂದ ನೋಡಿದರು. ಹಲ್ಲುಜ್ಜುತ್ತಿದ್ದ ಅವರ ಕೈ ನಿಂತಿತು.

“ನಿಂತ್ಕೊಳ್ಳಪ್ಪ, ನೀರು ಹಾಕ್ಕೋಬೇಡ. ನಮ್ಮಕ್ಕಂಗೂ ಕ್ಯಾನ್ಸರಿಗೆ ಕಿರಣ ಕೊಡೋ ಮುಂಚೆ ಮೈಮೇಲೆ ಹೀಗೇ ಗುರುತು ಹಾಕಿದ್ರು. ಅಳಿಸಿದ್ರೆ ಮೊದಲಿಂದ ಶುರು.”

“ಇದು ಪಾಠ ಸಾರ್. ಪರೀಕ್ಷೆಗೆ ಓದ್ತಿದ್ದೆ.”

“ಅವಳೂ ಹಂಗೇ, ಬಟ್ಟೆ ಬಣ್ಣ ಬಿಟ್ಟಿದೆ ಅಂತಿದ್ಲು. ಹೊಟ್ಟೆ ಮೇಲೆ ಕಾರ್ಸಿನೋಮಾ ಅಂತಿದೆ. ಜೀವಮಾನವೆಲ್ಲ ಔಷಧಿ ಕಟ್ಟಿದೋನು, ನಂಗೆ ಓದೋಕೆ ಬರಲ್ವಾ?”

ಕಾಂಪೌಂಡರು ಗೋಡೆ ಹಾರಿ ಬಂದು ಬಕೆಟ್ಟು ಕಿತ್ತುಕೊಂಡರು. ಸಾಲುಮನೆಗಳ ನೀರಿನ ವಾಲ್ವನ್ನೇ ತಿರುಗಿಸಿಬಿಟ್ಟರು. ನೀರು ನಿಂತದ್ದೇಕೆಂದು ಕೇಳಲು ಬಂದವರೆಲ್ಲ ಕಾರಣ ತಿಳಿದು ಕಣ್ಣೊರೆಸಿಕೊಂಡರು.

“ಇವರಿಗೇನೂ ಆಗಿಲ್ಲ ಅಜ್ಜಿ, ಕಲ್ಲು ತಿಂದರೂ ಅರಗಿಸ್ಕೋತಾರೆ,” ಎಂದಳು ಒಳಗಿಂದ ಬಂದ ಟೈಪಿಸ್ಟನ ಹೆಂಡತಿ.

ಮಹಡಿಯ ಅಜ್ಜಿ ಅವಳನ್ನು ತಬ್ಬಿಕೊಂಡು ಕಾಂಪೌಂಡರತ್ತ ತಿರುಗಿದರು. “ಪಾಪದ ಹುಡುಗಿ. ಇವಳಿಗೆ ಇನ್ನೂ ಹೇಳೇ ಇಲ್ಲ ಕಣೋ ಅವನು.”

ಹೊತ್ತು ಮೀರುತ್ತಿತ್ತು. ಟೈಪಿಸ್ಟು ತುಂಬುತೋಳಿನ ಅಂಗಿ ತೊಟ್ಟು, ಗುಂಡಿಗಳನ್ನು ಗಂಟಲವರೆಗೆ ಬಿಗಿದು ಹೊರಟ. ಕಾಂಪೌಂಡರು ಕರುವಿನ ಹಿಂದಿನ ಹಸುವಿನಂತೆ ಜೊತೆಗೇ ಬಂದರು. ಆಸ್ಪತ್ರೆಯ ನಲ್ಲಿಯ ಬಳಿ ಅವನು ಹೆಜ್ಜೆ ತಡೆದರೆ ರಟ್ಟೆ ಹಿಡಿದು ಮುಂದಕ್ಕೆಳೆದರು, ನೇರವಾಗಿ ಮ್ಯಾನೇಜರ ಕೋಣೆಗೆ.

“ಹೊಟ್ಟೆ ಕ್ಯಾನ್ಸರು ಸಾಹೇಬ್ರೆ. ಯಾರಿಗೂ ತಿಳೀಬಾರದು ಅಂತ ಬೇರೆ ಊರಲ್ಲಿ ತೋರಿಸ್ಕೊಳ್ತಿದಾನೆ. ಸಂಕೋಚದ ಪ್ರಾಣಿ. ಅಂಗಿ ಬಿಚ್ಚೋ, ನೋಡಲಿ.”

ಟೈಪಿಸ್ಟನ ಕೈ ಕೊರಳ ಗುಂಡಿಗೆ ಹೋಗಿ ಅಲ್ಲೇ ನಿಂತಿತು. ಬಿಚ್ಚಿದರೆ ಪ್ರಶ್ನೆಪತ್ರಿಕೆಯ ಉತ್ತರವೆಲ್ಲ ಎದೆಯ ಮೇಲಿದೆ. ರೋಗವಿಲ್ಲವೆಂದರೆ ಕಳ್ಳ, ಕಳ್ಳನಲ್ಲವೆಂದರೆ ರೋಗಿ.

“ಬೇಡ, ಬಿಚ್ಚಬೇಡಿ,” ಮ್ಯಾನೇಜರ ದನಿ ಮೆತ್ತಗಾಗಿತ್ತು. “ಇವರು ಹೇಳೋದು ನಿಜವಾ?”

ಟೈಪಿಸ್ಟು ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿ ಹೌದೆಂದು ತಲೆಯಾಡಿಸಿದ. ಕಾಂಪೌಂಡರು ಮೇಜಿನ ಮೇಲೆ ಬಾಗಿ ಮ್ಯಾನೇಜರ ಕಿವಿಯಲ್ಲಿ ಏನೋ ಹೇಳಿದರು.

“ಹಾಗಿದ್ರೆ ಪರೀಕ್ಷೆಯ ಮಾತು ಬಿಡಿ. ಕಾಯಂ ಹುದ್ದೆ ನಿಮ್ಮ ಮನೆಗೇ.”

ಟೈಪಿಸ್ಟು ಎರಡೂ ಕೈ ಜೋಡಿಸಿದ.

“ನೀವು ಆರಾಮಾಗಿ ಮಲಗಿ. ನಿಮ್ಮ ಹೆಂಡತಿಗೂ ಟೈಪಿಂಗ್ ಬರುತ್ತಂತಲ್ಲ, ಇವರೀಗ ಹೇಳಿದ್ರು. ನಾಳೆಯಿಂದ ನಿಮ್ಮ ಜಾಗಕ್ಕೆ ಅವರೇ ಬರಲಿ.”

ಸಂಜೆ ಹೆಂಡತಿ ಎಲ್ಲವನ್ನೂ ಕೇಳಿದಳು. ಬಂದ ಅನ್ನವನ್ನು ಬೇಡವೆನ್ನಬಾರದು, ಅದು ದೇವರಿಗೆ ಒಪ್ಪದು ಎಂದಳು. ಇರುವುದರಲ್ಲಿ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತ ಗಂಡನತ್ತ ತಿರುಗಿದಳು.

“ಬೆಳಿಗ್ಗೆ ನನ್ನ ಊಟದ ಡಬ್ಬಿ ನೀವೇ ಕಟ್ಟಿಬಿಡಿ. ಆಮೇಲೆ ಬಾಗಿಲಿಗೆ ಬಂದು ಕಳಿಸಿಕೊಡುವಾಗ, ನಾಲ್ಕು ಜನ ನೋಡ್ತಿರ್ತಾರೆ, ಗೋಡೆ ಹಿಡ್ಕೊಂಡು ನಿಲ್ಲಿ.”