ಬಲ್ಬುಗಳಷ್ಟೇ ಬಿದ್ದ ಫೋಟೊ

ಏನೂ ಗೊತ್ತಿಲ್ಲದ ವಿಷಯದಲ್ಲಿ ನಾನು ಬಾಯಿ ಬಿಡುವುದಿಲ್ಲ. ಅರ್ಧ ಗೊತ್ತಿರುವ ವಿಷಯ ಸಿಕ್ಕಿತೋ, ನನ್ನನ್ನು ಹಿಡಿಯುವವರಿಲ್ಲ. ರಾತ್ರಿಯ ದೃಶ್ಯವನ್ನು ಫಿಲ್ಮಿನಲ್ಲಿ ಸೆರೆಹಿಡಿಯುವುದು ನನಗೆ ಅಂಥ ವಿಷಯ. ವಸಂತ್ ಕುಂಜ್‌ನ ನಮ್ಮ ಫ್ಲಾಟುಗಳಲ್ಲಿ ಈ ಕಾಲದಲ್ಲೂ ಫಿಲ್ಮ್ ಕ್ಯಾಮೆರಾ ಇಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ನನ್ನನ್ನು ತಿದ್ದುವವರೂ ಇರಲಿಲ್ಲ.

ಮೇಲಿನ ಮಹಡಿಯ ಕರ್ನಲ್ ಬೋಪಯ್ಯನವರು ದೆಹಲಿ ಬಿಟ್ಟು ಮಡಿಕೇರಿಗೆ ಹೊರಟಿದ್ದರು. ಪ್ರಾಯದಲ್ಲಿ ತಾವು ಪರೇಡ್ ಮಾಡಿದ ರಸ್ತೆಯಲ್ಲಿ, ಗಣರಾಜ್ಯೋತ್ಸವದ ದೀಪಾಲಂಕಾರದ ಮುಂದೆ, ಹೆಂಡತಿಯ ಜೊತೆ ಒಂದು ಫೋಟೊ ಬೇಕೆಂಬುದು ಅವರ ಆಸೆ. ಎಲ್ಲರೂ ಹೋದೆವು. ಅವರ ಮಗಳು ಮೊಬೈಲ್ ತೆಗೆದಳು. “ಒಳಗಿಡಮ್ಮ, ಇದು ಮೊಬೈಲಿನ ಕೆಲಸ ಅಲ್ಲ” ಎಂದೆ. “ಅಚ್ಛಾ ಅಂಕಲ್, ಆಪ್ ಹೀ ಕರೋ” ಎಂದು ಕೆಲಸ ನನಗೇ ಬಿಟ್ಟು ಮೊಬೈಲ್ ಒಳಗಿಟ್ಟಳು. ಕೊಡಗಿನ ಸೀರೆ ಕಾಣಲೆಂದು ಕರ್ನಲರ ಹೆಂಡತಿ ಮುತ್ತಮ್ಮನವರು ಆ ಚಳಿಯಲ್ಲಿ ಸ್ವೆಟರ್ ಬಿಚ್ಚಿ ನಿಂತರು. ನಾನು ಬೆಳಕು ಅಳೆಯುವ ಮೀಟರನ್ನು ದೀಪಗಳತ್ತ ಹಿಡಿದು, ಎಕ್ಸ್‌ಪೋಷರ್ ಬಗ್ಗೆ, ಅಂದರೆ ಫಿಲ್ಮಿನ ಮೇಲೆ ಎಷ್ಟು ಬೆಳಕು ಬೀಳಬೇಕೆಂಬುದರ ಬಗ್ಗೆ, ಹತ್ತು ನಿಮಿಷ ಉಪನ್ಯಾಸ ಕೊಟ್ಟು, ಒಂದು ಸೆಕೆಂಡ್ ಶಟರ್ ತೆರೆದೆ.

ಲ್ಯಾಬಿನಲ್ಲಿ ತೊಳೆದು ಬಂದ ಫಿಲ್ಮಿನಲ್ಲಿ ಬಲ್ಬುಗಳ ಚುಕ್ಕೆಗಳ ಹೊರತು ಏನೂ ಇರಲಿಲ್ಲ. ಅಷ್ಟರಲ್ಲಿ ಅಲಂಕಾರವನ್ನೂ ಇಳಿಸಿಯಾಗಿತ್ತು. ಕರ್ನಲ್ ಕೇಳಿದಾಗ, “ಲ್ಯಾಬಿನವನು ಕೆಡಿಸಿಬಿಟ್ಟ ಸಾರ್” ಎಂಬ ಮಾತು ನನ್ನ ಬಾಯಿಂದ ಜಾರಿತು.

ಅವರು ಅಲ್ಲಿಗೇ ಬಿಡುತ್ತಾರೆಂದುಕೊಂಡಿದ್ದೆ. ಬಿಡಲಿಲ್ಲ. ನನ್ನ ಕಾರಿನಲ್ಲೇ ಕೂತು ಲ್ಯಾಬಿಗೆ ಬಂದರು. “ಯೇ ಕ್ಯಾ ಕಿಯಾ, ಭಯ್ಯಾ? ಜವಾಬ್ದಾರಿ ಬೇಡವಾ?” ಎಂದು ಕೋಪದಲ್ಲಿ ಎರಡು ಭಾಷೆ ಬೆರೆಸಿ ಗುಡುಗಿದರು. ಲ್ಯಾಬಿನ ಭಯ್ಯಾ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ. “ಗಲತೀ ಹೋ ಗಯೀ, ಸಾಬ್” ಎಂದು, ತಪ್ಪು ತನ್ನದೇ ಎಂಬಂತೆ ಕೈ ಮುಗಿದ.

ಕರ್ನಲ್ ಸಿಡುಕುತ್ತ ಕಾರಿನತ್ತ ನಡೆದರು. ಭಯ್ಯಾ ದನಿ ತಗ್ಗಿಸಿ ಹಿಂದಿಯಲ್ಲಿ ವಿವರಿಸಿದ: ಫಿಲ್ಮಿನ ಅಂಚಿನ ಅಂಕಿಗಳು ಕಪ್ಪಾಗಿ ಮೂಡಿವೆ, ಅಂದರೆ ತೊಳೆದದ್ದು ಸರಿಯಾಗಿದೆ. ನೀವು ಅಳೆದದ್ದು ಬಲ್ಬಿನ ಬೆಳಕನ್ನು, ಮನುಷ್ಯರು ಕತ್ತಲಲ್ಲಿದ್ದರು. ಎಂಟು ಸೆಕೆಂಡಾದರೂ ಬೇಕಿತ್ತು. “ಹಾಗಿದ್ದರೆ ತಪ್ಪು ಒಪ್ಪಿಕೊಂಡಿದ್ದೇಕೆ?” ಎಂದೆ. “ಆಪ್ ಪುರಾನೇ ಕಸ್ಟಮರ್ ಹೈಂ” ಎಂದು, ಹಳೇ ಗಿರಾಕಿಯ ಮಾನ ಉಳಿಸಿದವನಂತೆ ನಕ್ಕ. ಬೈದಿದ್ದರೆ ಚೆನ್ನಾಗಿತ್ತು.

ವಾಪಸು ಹೊರಟು ಮೊದಲ ಸಿಗ್ನಲ್ಲಿನ ಕೆಂಪು ದೀಪಕ್ಕೆ ಕಾರು ನಿಂತಾಗ ಕರ್ನಲ್ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಕೂಗಾಡುತ್ತಾರೆಂದು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಫೋಟೊದ ಮಾತೇ ಎತ್ತಲಿಲ್ಲ. “ಅಯ್ಯೋ, ಅವನನ್ನು ಸುಮ್ಮನೆ ಬೈದೆನಲ್ರೀ! ಗಾಡಿ ತಿರುಗಿಸಿ” ಎಂದರು.

ಅಂಗಡಿಯಲ್ಲಿ ಆ ಹಿರಿಯರು ನೆಟ್ಟಗೆ ನಿಂತು, ಟೋಪಿ ತೆಗೆದು, “ಮಾಫ್ ಕರೋ ಭಯ್ಯಾ” ಎಂದು ಕ್ಷಮೆ ಕೇಳಿದರು. ಭಯ್ಯಾ ಗಾಬರಿಯಾಗಿ ಅವರ ಕೈ ಹಿಡಿದುಕೊಂಡ. ಆಮೇಲೆ ಇಬ್ಬರೂ ನನ್ನತ್ತ ತಿರುಗಿದರು. ಈಗ ನನ್ನ ಸರದಿ ಎಂಬುದು ನನಗೂ ಗೊತ್ತಿತ್ತು. ನಾನು ಗೋಡೆಗೆ ತೂಗುಹಾಕಿದ್ದ ಯಾರದೋ ಮದುವೆಯ ಫೋಟೊ ನೋಡುತ್ತ, “ಇದರ ಎಕ್ಸ್‌ಪೋಷರ್ ಪರವಾಗಿಲ್ಲ” ಎಂದೆ.